ಮನೆಗೇ ಅಂಟಿಕೊಂಡ ಸಹಾಯ

ಕ್ಲೀವ್‌ಲ್ಯಾಂಡಿನ ಬಸ್ ನಿಲ್ದಾಣದಲ್ಲಿ ಲೂವೆನಿಯಾ ಗೆಳತಿ ಒಡೆಟ್‌ಳ ಮುಂದೆ ತೋಡಿಕೊಳ್ಳುತ್ತಿದ್ದುದು ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಾ ಕುಳಿತಿದ್ದ ವರ್ನನ್ ಎಂಬಾತನ ಕಿವಿಗೆ ಬಿತ್ತು.

"ಮದುವೆಯಾಗಿ ರೂಫಸ್ ಮನೆಗೆ ಹೋಗ್ತೀನಿ ಅಂತ ಈಗಿರೋ ಬಾಡಿಗೆ ಮನೆ ಬಿಡೋ ನೋಟಿಸ್ ಕೊಟ್ಟುಬಿಟ್ಟೆ ಕಣೇ. ಸರ್ಕಾರದ ಬಾಡಿಗೆ ಸಹಾಯ ನನ್ನ ಹಿಂದೇನೇ ಬರುತ್ತೆ ಅಂದ್ಕೊಂಡಿದ್ದೆ."

"ಬರಲ್ವಾ?"

"ಅದು ನಾನಿರೋ ಆ ಮನೆಗಂತೆ, ನನಗಲ್ವಂತೆ! ಇಷ್ಟು ವರ್ಷ ಸರ್ಕಾರ ನನ್ನ ಸಾಕ್ತಿದೆ ಅಂತ ಜಂಬ ಕೊಚ್ಕೊಂಡೆ. ಅದು ಸಾಕ್ತಿದ್ದಿದ್ದು ನನ್ನ ಸೋರೋ ನಲ್ಲೀನ!"

"ಅಯ್ಯೋ ಪೆದ್ದಿ! ಈಗೆಲ್ಲಿಗೆ?"

"ನಮ್ಮ ಬಿಲ್ಡಿಂಗ್ ಮ್ಯಾನೇಜರ್ ಹತ್ರ. ಪಟ್ಟೀಲಿ ಕಾಯ್ತಾ ಇರೋರಿಗೆ ನನ್ನ ಮನೆ ಕೊಡೋಕೆ ಮುಂಚೆ ನೋಟಿಸ್ ವಾಪಸ್ ತಗೋಬೇಕು."

"ರೂಫಸ್ ಏನಂದ?"

"ಹಾಗಾದ್ರೆ ನಾನೇ ನಿನ್ನ ಮನೆಗೆ ಬರ್ತೀನಿ ಅಂದ. ನೋಡೇ, ಸರ್ಕಾರದ ಹಾಗೆ ಅವನೂ ಮೆಚ್ಚಿದ್ದು ಆ ಮನೇನೇ, ನನ್ನಲ್ಲ!"

ಬಸ್ಸು ಬಂತು. ನಗುತ್ತಲೇ ಲೂವೆನಿಯಾ ಎಲ್ಲರನ್ನೂ ತಳ್ಳಿಕೊಂಡು ಮೊದಲು ಹತ್ತಿದಳು.