ಬಾವಿ ಮುಚ್ಚಳದ ಮೇಲಿನ ಮೊಲ

ನವೆಂಬರ್ ರಾತ್ರಿ. ರಾತ್ರಿಗೆ ಒಂದಿಷ್ಟು ಬೆಳಕು ಕೊಡುವ ಹಿಮ ಇನ್ನೂ ಬಿದ್ದಿರಲಿಲ್ಲ, ಹಾಗಾಗಿ ಕತ್ತಲೆ ಅಂದರೆ ಕತ್ತಲೆ. ಪಕ್ಕದ ಮನೆಯ ಔಲಿಸ್ ಮತ್ತವನ ಹೆಂಡತಿ ಹಿಲ್ಕಾ ನಮ್ಮಲ್ಲಿ ಸೌನಾದ ಹಬೆಸ್ನಾನ ಮುಗಿಸಿ, ಒದ್ದೆ ಟವಲು ಹೆಗಲಿಗೆ ಹಾಕಿಕೊಂಡು, ಹಳೇ ಬಾವಿಯ ಹಾದಿಯಲ್ಲಿ ಮನೆಗೆ ಹೊರಟಿದ್ದರು.

ಧಪ್.

ಔಲಿಸ್ ನಿಂತ. "ಕೇಳಿಸ್ತಾ?"

"ಬಿಯರ್ ಸಾಕು ಅಂದ್ರೆ ಕೇಳಿದ್ಯಾ ನೀನು?"

ಧಪ್... ಧಪ್. ಮೆತ್ತಗಿನ ಸದ್ದು, ಆದರೆ ಒಳಗೆ ಮೂಳೆ ಇರುವಂಥದ್ದು. ಹೆದರಿದ ಮೊಲ ಹಿಂಗಾಲಿನಿಂದ ಹಲಗೆ ಬಡಿಯುವ ಸದ್ದು. ರಾಸಾಯನಿಕ ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಪರೀಕ್ಷಿಸುವ ಪ್ರಯೋಗಾಲಯದ ಮುಖ್ಯಸ್ಥ ಔಲಿಸ್. ಅವನಿಗೆ ಆ ಸದ್ದು ಚೆನ್ನಾಗಿ ಗೊತ್ತು.

ಟಾರ್ಚ್ ಹಾಕಿದ. ಬಾವಿಯ ಮುಚ್ಚಳದ ಮೇಲೆ ಬಿಳಿ ಮೊಲ. ಒಂದು ಕಣ್ಣು ಕೆಂಪಗೆ ಹೊಳೆಯಿತು. ಇನ್ನೊಂದು ಹೊಳೆಯಲಿಲ್ಲ... ಹಾಲುಗಟ್ಟಿತ್ತು.

"ಯಾರೋ ಸಾಕಿದ್ದು," ಹಿಲ್ಕಾ ಪಿಸುಗುಟ್ಟಿದಳು. "ಅಯ್ಯೋ, ಕಣ್ಣಿಗೇನಾಗಿದೆ ಅದಕ್ಕೆ?"

"ನಾನೇ..."

"ಏನು ನೀನೇ?"

ಪಿಸುದನಿಯಲ್ಲೇ ಹೇಳಿದ. ಈಗೆಲ್ಲ ಮೊದಲು ಬಟ್ಟಲಲ್ಲಿ ಬೆಳೆಸಿದ ಮನುಷ್ಯ ಜೀವಕೋಶಗಳ ಪದರದ ಮೇಲೆ ಹನಿ ಹಾಕಿ ನೋಡಬೇಕು. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಮೊಲ. ಆ ಜೀವಂತ ಪದರದ ಪೆಟ್ಟಿಗೆ ಯುಹಾನ್ನುಸ್ ಹಬ್ಬದ ಹಿಂದಿನ ದಿನ ಬಂತು. ನಡುಬೇಸಿಗೆಯ ಆ ಹಬ್ಬಕ್ಕೆ ಊರಿಗೆ ಊರೇ ಬೆಂಕಿ ಹಾಕಿ ಸಾಸೇಜ್ ಸುಡಲು ಸರೋವರದ ದಂಡೆಗೆ ಓಡುತ್ತದೆ. ಔಲಿಸ್ ಕೂಡ ಪೆಟ್ಟಿಗೆಯನ್ನು ಮೇಜಿನ ಮೇಲೇ ಬಿಟ್ಟು ಓಡಿದ. ವಾಪಸು ಬಂದಾಗ ಪದರ ಸತ್ತಿತ್ತು. ಹೊಸದು ತರಿಸಿದರೆ ತಪ್ಪು ಬಯಲಾಗುತ್ತದೆ. ಅದಕ್ಕೇ 'ಈ ಜಾತಿಯ ರಾಸಾಯನಿಕ ಪದರದ ಪರೀಕ್ಷೆಗೆ ಒಗ್ಗುವುದಿಲ್ಲ' ಎಂದು ಬರೆದು ಮೊಲಗಳನ್ನು ತರಿಸಿದ. ಪರೀಕ್ಷೆ ಮುಗಿದ ಮೇಲೆ ಅವನ್ನೆಲ್ಲ ಕೊಂದಾಯಿತು.

"ನಾಳೆ ಪ್ರಾಣಿ ಪರೀಕ್ಷೆಗಳ ಸಮಿತಿ ಕೂರುತ್ತೆ. ನನ್ನ ಮಾತು ನಂಬಿ, ಇಂಥ ರಾಸಾಯನಿಕಕ್ಕೆಲ್ಲ ಇನ್ಮೇಲೆ ಮೊಲಾನೇ ಅಂತ ಒಪ್ಪಿಗೆ ಕೊಡ್ತಾರೆ."

"ನಿಜ ಹೇಳಿಬಿಡು."

"ಕೆಲಸ ಹೋಗುತ್ತೆ ಕಣೇ."

"ಹೋಗ್ಲಿ. ಸಾಸೇಜ್ ಸುಡೋ ಆತುರಕ್ಕೆ, ಔಲಿಸ್..."

ಆಗ ಮೊಲ ಕಿರುಚಿತು. ಕೂಸಿನ ಅಳುವಿಗೂ ತುಕ್ಕು ಹಿಡಿದ ಕದಕ್ಕೂ ನಡುವಿನ ಸದ್ದು. ನಮ್ಮ ಅಡುಗೆಮನೆಯವರೆಗೂ ಕೇಳಿಸಿತು. ಔಲಿಸ್‌ನ ಟಾರ್ಚಿನ ಬೆಳಕು ಅತ್ತಿತ್ತ ಹೋಯಿತು. ಮತ್ತೆ ಮುಚ್ಚಳದ ಮೇಲೆ ಬಿದ್ದಾಗ... ಅಲ್ಲಿ ಏನೂ ಇರಲಿಲ್ಲ.

ಮರುದಿನ ಔಲಿಸ್ ಸಮಿತಿಯ ಮುಂದೆ ಎಲ್ಲ ಹೇಳಿದ. ಒಪ್ಪಿಗೆ ಸಿಗಲಿಲ್ಲ, ಕೆಲಸ ಉಳಿಯಲಿಲ್ಲ. ಈಗ ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸುತ್ತಾನೆ, ಹಬ್ಬಕ್ಕೆ ಎಲ್ಲಿಗೂ ಹೋಗುವುದಿಲ್ಲ. ಸೌನಾದ ಬಿಸಿ, ಬಿಯರು, ಮನಸ್ಸಾಕ್ಷಿಯ ಚುಚ್ಚು, ಕಾಡಿನ ಯಾವುದೋ ಪ್ರಾಣಿ ಎಂದು ನಾನು ಅವನಿಗೆ ಬುದ್ಧಿ ಹೇಳಿದೆ. ದೆವ್ವಗಿವ್ವ ನಾನು ನಂಬುವವನಲ್ಲ.

ಆಮೇಲೆ ಹಿಮ ಬಿತ್ತು. ಬಾವಿಯ ಸುತ್ತ ಮೊಣಕಾಲುದ್ದ. ಮುಚ್ಚಳದ ಮೇಲೂ ದಪ್ಪಗೆ ಕೂತಿತು, ನಡುವೆ ಅಂಗೈಯಗಲದ ಒಂದು ಜಾಗ ಬಿಟ್ಟು. ಅಲ್ಲಿ ಬರೀ ಹಲಗೆ. ಕೈಗವಸು ಕಳಚಿ ಮುಟ್ಟಿ ನೋಡಿದೆ.

ನೀವು ಏನಾದರೂ ಅಂದುಕೊಳ್ಳಿ. ಬೆಚ್ಚಗಿತ್ತು.