ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು

...ನೀರಾ? ಹಬ್ಬದ ದಿನ, ಇಂಥ ಮೀನಿನ ಜೊತೆ, ನೀರು ಕುಡೀತಾರೇನೋ ಯಾರಾದ್ರೂ! ಇಡೋ ಆ ಲೋಟ ಆಚೆ. ಕೂತ್ಕೋ. ಇಲ್ಲೇ, ಒಲೆ ಪಕ್ಕ ಕೂತ್ಕೋ. ಹೊರಗೆ ಕೂತಿರೋ ನೆಂಟರೆಲ್ಲ ಊಟಕ್ಕೆ ಏಳೋ ಮುಂಚೆ ನೀನೊಂದು ಗುಟುಕು ನೋಡಿ ಹೇಳು, ಯಾವುದಕ್ಕೆ ಯಾವುದು ಹೊಂದುತ್ತೆ ಅಂತ. ಈ ಮನೇಲಿ ವೈನಿನ ರುಚಿ ಗೊತ್ತಿರೋನು ನನ್ನ ತಮ್ಮ ಒಬ್ಬನೇ ತಾನೇ... ಯಾಕೆ ನಗ್ತೀಯ? ಹೊಗಳಿದ್ರೂ ನಗುನಾ!

ಬಾಗಿಲ ಕಡೆ ಏನು ನೋಡ್ತೀಯ? ಬಾಟ್ಲಿ ತಂದಿರೋದು ಅಮ್ಮಂಗೆ ಗೊತ್ತು. ಚಿಕ್ಕಪ್ಪ ಕುಡೀತಾರಲ್ಲ, ಅವರಿಗೆ ಅಂತ ಹೇಳಿದೀನಿ.

ಮೀನಿಗೆ ಈ ಬಿಳೀದು. ತಣ್ಣಗಿರ್ಬೇಕಂತೆ, ಸ್ವಲ್ಪ ಹುಳಿ ಇರ್ಬೇಕಂತೆ. ನಾಲಿಗೆ ಮೇಲಿನ ಜಿಡ್ಡು ತೊಳ್ಕೊಂಡು ಹೋಗುತ್ತಂತೆ. ಮಾಂಸಕ್ಕೆ ಕೆಂಪು, ಒಗರಾಗಿರೋದು. ಅಂಗಡಿಯವನ ತಲೆ ತಿಂದು ಒಂದೊಂದೂ ಕೇಳಿ ತಂದೆ ಕಣೋ. ಮೂಸಿನಾದ್ರೂ ನೋಡು... ಬೇಡ್ವಾ? ಸರಿ ಬಿಡಪ್ಪ. ಬಿಟ್ಟೋನು ನೀನು. ದೊಡ್ಡ ಮನುಷ್ಯ. ಆ ಕುಡಿತ ಬಿಡಿಸೋ ಆಸ್ಪತ್ರೆಯಿಂದ ಬಂದು ವರ್ಷ ತುಂಬ್ತಲ್ಲ? ಗೊತ್ತು, ಗೊತ್ತು. ಬೆಳಗ್ಗೆಯಿಂದ ಬಂದೋರಿಗೆಲ್ಲ ಅಮ್ಮ ಅದನ್ನೇ ಹೇಳ್ತಿದಾಳೆ. ನನ್ನ ಮಗ ಗೆದ್ದ, ನನ್ನ ಮಗ ಗೆದ್ದ! ಇವತ್ತಿನ ಊಟಕ್ಕೆ ಹಬ್ಬ ಬರೀ ನೆಪ.

ಗೆದ್ದನಂತೆ! ಮೆಟ್ಟಿಲ ಮೇಲೆ ಬಿದ್ದಿರ್ತಿದ್ಯಲ್ಲ, ಹೆಗಲು ಕೊಟ್ಟು ಒಳಗೆ ತಂದೋಳು ಯಾರು? ವಾಂತಿ ಬಳಿದೋಳು ಯಾರು? ಆಗ ಅಮ್ಮ ನನ್ನ ಕೈ ಹಿಡ್ಕೊಂಡು ಅಳ್ತಿದ್ಲು... ನೀನೊಬ್ಬಳು ಇಲ್ದಿದ್ರೆ ನನ್ನ ಗತಿ ಏನಾಗ್ತಿತ್ತೇ ಮಗಳೇ, ಅಂತ. ಈಗ? ಈಗ 'ಖಾರ ಕಮ್ಮಿ ಹಾಕೇ, ಅವನಿಗಾಗಲ್ಲ.' ಅಷ್ಟೇ. ಇಡೀ ದಿನಕ್ಕೆ ನನ್ನ ಪಾಲಿಗೆ ಅಷ್ಟೇ ಮಾತು.

ಏನಂದೆ? ಹೊಟ್ಟೆಕಿಚ್ಚಾ? ನಂಗಾ? ನಿನ್ನಲ್ಲಿ ಏನಿದೆ ಅಂತ ಹೊಟ್ಟೆಕಿಚ್ಚು ಪಡ್ಲೋ ನಾನು!

ಹೋಗ್ಲಿ, ವೈನ್ ಬೇಡ. ಇದನ್ನ ತಿನ್ನು. ಹಣ್ಣಿನ ಪುಡಿಂಗು. ಚಿಕ್ಕೋನಿದ್ದಾಗ ಪಾತ್ರೆ ಬಿಡದೆ ನೆಕ್ತಿದ್ದೆ, ಮರೆತುಬಿಟ್ಯಾ? ನಿಂಗೆ ಅಂತಾನೇ ಬೇರೆ ಬಟ್ಟಲಲ್ಲಿ ಎತ್ತಿಟ್ಟಿದೀನಿ. ತಿನ್ನೋ... ಹಾಂ, ಹಾಗೆ. ಇನ್ನೊಂದು ಚಮಚ.

ಯಾಕೆ ನಿಲ್ಲಿಸ್ದೆ?

ಏನು ಮೂಸ್ತಿದೀಯ? ಒಣದ್ರಾಕ್ಷಿ ಕಣೋ, ನೆನೆಸಿಟ್ರೆ ಹಂಗೇ ವಾಸನೆ ಬರುತ್ತೆ... ಸರಿ, ಹಾಕಿದೀನಿ. ಒಂಚೂರು, ಸಿಹಿ ವೈನು. ಎಲ್ಲರ ಮನೇಲೂ ಹಾಕ್ತಾರೆ. ಒಲೆ ಮೇಲೆ ಕುದಿಸಿದ್ರೆ ಎಲ್ಲಾ ಆವಿಯಾಗಿ ಹೋಗುತ್ತೆ. ಕುದಿಸಿದೀನಪ್ಪಾ, ದೇವರಾಣೆ! ಏ... ದೊಡ್ಡ ಪಾತ್ರೆ ಯಾಕೆ ತೆಗೀತೀಯ? ಮುಚ್ಚೋ ಅದನ್ನ. ಅದು ಮಕ್ಕಳೂ ತಿನ್ನೋದು, ಅದಕ್ಕೆಲ್ಲ ನಾನು ಹಾಕ್ತೀನಾ...

...

ಏನಾದ್ರೂ ಅನ್ನೋ. ಬೈಯಿ. ಮುಂಚೆ ಆಗಿದ್ರೆ ಬಟ್ಟಲನ್ನ ಗೋಡೆಗೆ ಅಪ್ಪಳಿಸ್ತಿದ್ದೆ, ಅಮ್ಮ ಓಡಿ ಬರ್ತಿದ್ಲು. ಎಸಿ! ಎಸಿಯೋ!

ಬಾಯಿ ಮುಕ್ಕಳಿಸ್ತಿದೀಯಾ... ಮುಕ್ಕಳಿಸು. ಬಟ್ಟಲು ತೊಳೀಬೇಡ, ಇಡು, ನಾನು ತೊಳೀತೀನಿ. ಅಮ್ಮಂಗೆ ಹೇಳ್ತೀಯಾ? ಹೋಗು, ಹೇಳು. ಎಲ್ಲರೂ ಇದ್ದಾರೆ, ಅವರ ಮುಂದೇನೇ ಹೇಳು... ಹೇಳಲ್ವಾ? ತಲೆ ಅಲ್ಲಾಡಿಸ್ಬೇಡ ಹಾಗೆ. ಅದ್ರಲ್ಲೂ ನೀನೇ ಗೆಲ್ಬೇಕಾ!

ಬೇಡ ಕಣೋ, ಹಾಗೆ ನೋಡ್ಬೇಡ. ಕುಡುಕನಾಗಿದ್ದಾಗಲೂ ನನ್ನನ್ನ ಹೀಗೆ ನೋಡಿರ್ಲಿಲ್ಲ ನೀನು.

ಹೌದು. ಬೀಳ್ಬೇಕಿತ್ತು ನೀನು. ಒಂದೇ ಒಂದು ಸಲ, ಇವತ್ತು, ಅವರೆಲ್ಲರ ಎದುರಿಗೆ... ಎತ್ಕೊಳ್ಳೋಕೆ ನಾನಿರ್ತಿದ್ನಲ್ಲೋ.