ಲಾಂಛನದಲ್ಲಿದ್ದ ತಲೆ

...ಹಾಗಲ್ಲ ಪಿರೋಶ್ಕಾ ಅತ್ತಿಗೆ, ತಲೆಕೆಳಗಾಗಿ ಹಿಡಿದಿದ್ದೀರಿ! ಹ್ಞಾ, ಈಗ ಸರಿ. ದೊರೆ ಕೊಟ್ಟ ಲಾಂಛನ ಇದು! ನಿನ್ನೆವರೆಗೆ ಕುದುರೆ ಲದ್ದಿ ಬಾಚ್ತಿದ್ದ ಗಾಶ್ಪಾರ್, ಇವತ್ತಿಂದ ಜಹಗೀರದಾರ ಗಾಶ್ಪಾರ್! ಯಾಕೆ ನಗ್ತೀರಿ? ನಗಿ, ನಗಿ. ಲೋರಿಂಟ್ಸ್ ಅಣ್ಣ ಇದ್ದಿದ್ರೆ ಅವನೂ ಹೀಗೇ ನಗ್ತಿದ್ದ.

ಈ ನೀಲಿ ಇದೆಯಲ್ಲ, ಅದು ನಿಷ್ಠೆ. ಹಸಿರು ದಿಬ್ಬ ನಮ್ಮ ಹಂಗೇರಿ ನೆಲ. ಕೆಂಪು ತೋಳಿನ ಕೈ... ನಂದೇ! ಆ ಕತ್ತಿ ತುದೀಲಿರೋದು ಅಣ್ಣನನ್ನ ಕೊಂದ ತುರ್ಕನ ತಲೆ.

ಮುಖ ತಿರುಗಿಸ್ಬೇಡಿ. ನೀವು ಕೇಳ್ಬೇಕು ಇದನ್ನ. ಕೋಟೆ ಕೆಳಗಿನ ಜೌಗಲ್ಲಿ ಅಣ್ಣನ ಪಕ್ಕೆಗೆ ನುಗ್ಗಿದ ಈಟಿ ಬೆನ್ನಲ್ಲಿ ಹೊರಬಂತು. ನಾನು ಹಾರಿ ಆ ತುರ್ಕನ ಜುಟ್ಟು ಹಿಡಿದೆ. ಕತ್ತಿ ಮೊಂಡಾಗಿತ್ತು ಅತ್ತಿಗೆ... ಕಡಿದೆ, ಕಡಿದೆ, ಮೂಳೆಗೆ ಸಿಕ್ಕೊಂಡ್ತು. ಎದೆ ಮೇಲೆ ಮಂಡಿ ಊರಿ ಗರಗಸದ ಹಾಗೆ ಕೊಯ್ದೆ! ಮೊಣಕೈವರೆಗೂ ಬಿಸಿ ರಕ್ತ. ತಲೇನ ದಳವಾಯಿ ಕಾಲ ಬಳಿ ಉರುಳಿಸಿದೆ. ಬೂಟಲ್ಲಿ ಹೊರಳಿಸಿ "ಭೇಷ್" ಅಂದ.

ಆಮೇಲೆ ಚಿತ್ರ ಬರೆಯೋನು ಕೇಳಿದ, ಆ ಮುಖ ಹೇಗಿತ್ತು ಅಂತ. ಕಣ್ಣು ಮುಚ್ಚಿದ್ರೂ ಬಿಡದ ಮುಖ ಅದು... ನಾನು ಹೇಳ್ತಾ ಹೋದೆ, ಅವನು ಬರೀತಾ ಹೋದ.

ಇದನ್ನ ನಿಮ್ಮ ಬಾಗಿಲ ಮೇಲೇ ಹಾಕೋಣ. ನೀವೂ ಎಷ್ಟು ದಿನ ಅಂತ ಹೀಗೆ ಸೂತಕದ ಕಪ್ಪು ಬಟ್ಟೆ ಉಡ್ತೀರಿ? ಅಣ್ಣನ ಮನೆ, ಅಣ್ಣನ ಹೆಂಡತಿ... ನಾನಲ್ದೆ ಇನ್ಯಾರು ನೋಡ್ಕೋಬೇಕು?

ಅತ್ತಿಗೆ? ಆ ತಲೇನೇ ಯಾಕೆ ನೋಡ್ತಿದ್ದೀರಿ? ಸೀಳಿದ ಹುಬ್ಬಾ? ತುರ್ಕರ ಹುಬ್ಬೂ ಸೀಳಿರತ್ತೆ! ಮೂಗಿನ ಪಕ್ಕದ್ದು... ಮಚ್ಚೆ ಅಲ್ಲ ಅದು, ಬಣ್ಣ ಸಿಡಿದಿರೋದು. ಬೈಯಿರಿ, ಕೂಗಿ, ಏನಾದ್ರೂ ಮಾಡಿ! ಅಯ್ಯೋ... ಬೆರಳಲ್ಲಿ ಅದರ ಕಣ್ಣು ಯಾಕೆ ಸವರ್ತಿದ್ದೀರಿ? ಸತ್ತೋರ ರೆಪ್ಪೆ ಮುಚ್ಚೋ ಹಾಗೆ...

ಪಿರೋಶ್ಕಾ! ಕೇಳು... ಕೇಳಿಲ್ಲಿ. ತುರ್ಕ ಕುದುರೆ ಹತ್ತಿ ತಪ್ಪಿಸ್ಕೊಂಡ. ಬರಿಗೈಲಿ ಹೋದೋನಿಗೆ ಯಾವ ದೊರೆ ಏನು ಕೊಡ್ತಾನೆ? ಜುಟ್ಟು ಬಿಟ್ಟ ಬೋಳು ತಲೆ ನಮ್ಮೋರದ್ದೂ ಇರತ್ತೆ, ಮೇಲೆಲ್ಲಾ ಕೆಸರು, ರಕ್ತ... ದಳವಾಯಿಗೆ ಯಾರದಾದ್ರೇನು! ಅಣ್ಣ ಹೇಗೂ ಹೋಗಿದ್ದ. ನಾನು ಕತ್ತಿ ಇಡೋ ಹೊತ್ತಿಗೆ ಉಸಿರು ನಿಂತಿತ್ತು, ದೇವರಾಣೆ ನಿಂತಿತ್ತು!

...ಹೆಚ್ಚುಕಮ್ಮಿ ನಿಂತಿತ್ತು.